ಅಂಗೈಯಲ್ಲಿ ಉಜ್ಜಿದ ಹನಿ

ಜುಲೈ ೩, ೧೯೭೮

ಇವರ ನಾಲಗೆಯ ಬುಡದಲ್ಲಿರುವ ಗಂಟು ಕ್ಯಾನ್ಸರೇ ಎಂದು ಡಾಕ್ಟರು ಇವತ್ತು ಹೇಳಿಬಿಟ್ಟರು. ಇವರ ಎದುರಿಗೇ ಹೇಳಿದರು. ನನ್ನನ್ನು ಆಚೆ ಕರೆದು ಹೇಳಬಹುದಿತ್ತಲ್ಲ ಎಂದು ನನಗೆ ಸಿಟ್ಟು ಬಂತು. ಇವರು ಮಾತ್ರ ಶೆಡ್ಡಿಗೆ ಬಂದ ಡೀಸಲ್ ಎಂಜಿನ್ನಿನ ಯಾವ ಭಾಗ ಕೆಟ್ಟಿದೆ ಎಂದು ವಿಚಾರಿಸುವವರ ಹಾಗೆ ಒಂದೊಂದನ್ನೇ ಕೇಳಿ ತಿಳಿದುಕೊಂಡರು. ರೈಲ್ವೆಯಿಂದ ರಿಟೈರಾಗಿ ವರ್ಷವಾದರೂ ಬುದ್ಧಿ ಇನ್ನೂ ಶೆಡ್ಡಿನಲ್ಲೇ ಇದೆ.

ಇಪ್ಪತ್ತನಾಲ್ಕನೇ ತಾರೀಖಿನಿಂದ ಆರು ವಾರ ಕರೆಂಟು, ಅಂದರೆ ಗಂಟನ್ನು ಸುಡುವ ಎಕ್ಸ್‌ರೇಯಂಥ ಕಿರಣ, ಕೊಡುತ್ತಾರಂತೆ. ಗುಣವಾಗುವ ಸಂಭವ ಚೆನ್ನಾಗಿಯೇ ಇದೆ ಎಂದರು. ಆದರೆ ಎರಡು ವಾರ ಆಗುವಷ್ಟರಲ್ಲಿ ನಾಲಗೆಗೆ ರುಚಿ ತಿಳಿಯದೆ ಹೋಗುತ್ತದೆ. ಆಮೇಲೆ ರುಚಿ ವಾಪಸು ಬರುತ್ತದೆಯೇ ಎಂದು ಕೇಳಿದೆ. ಕೆಲವರಿಗೆ ಬರುತ್ತದೆ, ಕೆಲವರಿಗೆ ಇಲ್ಲ ಎಂದರು.

ಕ್ರೋಂಪೇಟೆ ಸ್ಟೇಷನ್ನಿನಲ್ಲಿ ಇಳಿದು ಮನೆಗೆ ನಡೆದು ಬರುವಾಗಲೇ ಲೆಕ್ಕ ಹಾಕಿದೆ. ಇನ್ನು ಮೂರು ವಾರ ದಿನಾ ಇವರಿಗೆ ಇಷ್ಟವಾದದ್ದನ್ನೇ ಮಾಡಿ ಬಡಿಸಬೇಕು. ಹಾಗಲಕಾಯಿ ಗೊಜ್ಜು, ಮಜ್ಜಿಗೆಹುಳಿ, ಕಾಯಿ ಹೋಳಿಗೆ. ನಿಮಗೆ ಏನು ಬೇಕು ಹೇಳಿ ಎಂದು ಕೇಳಿದೆ. ಜಗಲಿಯ ಮೇಲೆ ಕೂತು ಹೇಳಿದರು: “ತುಂಗಾ, ಬೂರ್ಬನ್ ಅಂತ ಒಂದಿದೆ. ಅಮೆರಿಕಾದ ವಿಸ್ಕಿ. ಚೆನ್ನಾಗಿ ವಯಸ್ಸಾಗಿರೋದು ಸಿಕ್ಕಿದ್ರೆ, ರುಚಿ ಹೋಗೋಕ್ಕೆ ಮುಂಚೆ ಒಂದೇ ಒಂದು ಸಲ ಕುಡೀಬೇಕು.”

ಬೆಳಿಗ್ಗೆ ಎದ್ದು ಗೋಪೀಚಂದನ ಹಚ್ಚಿಕೊಳ್ಳುವ ಮನುಷ್ಯ. ಏಕಾದಶಿ ದಿನ ನೀರೂ ಮುಟ್ಟದ ಮನುಷ್ಯ. ನಾನು ಒಳಗೆ ಬಂದು ಅಕ್ಕಿ ತೊಳೆದೆ.

ಜುಲೈ ೪

ಹದಿನೈದು ವರ್ಷದ ಹಿಂದಿನ ಕಥೆಯಂತೆ. ಹೊಸ ಎಂಜಿನ್ನುಗಳನ್ನು ಜೋಡಿಸಿ ಕೊಡಲು ಹಾರ್ಲನ್ ಎಂಬ ಅಮೆರಿಕಾದವನು ಶೆಡ್ಡಿಗೆ ಬಂದಿದ್ದ. ಆರು ತಿಂಗಳು ಇವರೂ ಅವನೂ ಒಟ್ಟಿಗೆ ಕೆಲಸ ಮಾಡಿದರು. ಮೊದಲನೇ ಎಂಜಿನ್ ತಾನಾಗಿ ಹಳಿಯ ಮೇಲೆ ಹೊರಟ ದಿನ ಅವನು ತನ್ನ ಪೆಟ್ಟಿಗೆಯಿಂದ ಒಂದು ಬಾಟಲಿ ತೆಗೆದು, ಒಂದು ಹನಿಯನ್ನು ಇವರ ಅಂಗೈಗೆ ಹಾಕಿ, ಉಜ್ಜಿ ಮೂಸಿ ನೋಡು ಎಂದನಂತೆ. ಆಮೇಲೆ ಟೀ ಕುಡಿಯುವ ಲೋಟದಲ್ಲಿ ಸ್ವಲ್ಪ ಕೊಟ್ಟನಂತೆ. ಅಷ್ಟೇ. ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ.

“ಅವತ್ತು ಮನೆಗೆ ಬಂದು ಏನ್ಮಾಡಿದ್ರಿ?” ಎಂದು ಕೇಳಿದೆ. ಸ್ನಾನ ಮಾಡಿ ಊಟಕ್ಕೆ ಕೂತೆ ಎಂದರು.

ಬಡಿಸಿದವಳು ನಾನು. ಆ ದಿನ ಯಾವುದು ಎಂದು ನೆನಪು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಕುಡಿದರು ಎನ್ನುವುದಕ್ಕಿಂತ ನನಗೆ ನೋವಾದದ್ದು ಬೇರೆ. ಈ ಮನೆಯಲ್ಲಿ ಇವರ ನಾಲಗೆಗೆ ಬಿದ್ದದ್ದೆಲ್ಲ ನನ್ನ ಕೈಯಿಂದಲೇ ಎಂದು ತಿಳಿದಿದ್ದೆ. ಹದಿನೈದು ವರ್ಷ ಒಂದು ರುಚಿಯನ್ನು ನನಗೆ ಹೇಳದೆ ಒಳಗೇ ಇಟ್ಟುಕೊಂಡಿದ್ದಾರೆ.

ಜುಲೈ ೭

ಪಲ್ಲಾವರದ ಶುಕ್ರವಾರದ ಸಂತೆಗೆ ಹೋಗಿದ್ದೆ. ಹೇರಳೆಕಾಯಿ ಚೆನ್ನಾಗಿತ್ತು. ಉಪ್ಪಿನಕಾಯಿಗೆ ಆರಿಸುವಾಗ ಕೈ ತಾನಾಗಿ ಕೆಲಸ ಮಾಡುತ್ತದೆ, ತೊಟ್ಟು ನೋಡುತ್ತದೆ, ತೂಕ ನೋಡುತ್ತದೆ. ಮನಸ್ಸು ಮಾತ್ರ ಒಂದೇ ಕಡೆ ಇತ್ತು. ಹೇರಳೆಕಾಯಿ ಹಾಕಿದರೆ ಅದು ಹದಕ್ಕೆ ಬರುವುದು ಮುಂದಿನ ವರ್ಷ. ಯಾರಿಗೆ ಹಾಕಲಿ? ಮಾರುವವಳು ಎರಡು ಸಲ ಕೇಳಿದ ಮೇಲೆ ಎಚ್ಚರವಾಯಿತು. ತಗೊಂಡೆ. ಹಾಕದೆ ಇರುವುದು ಅಪಶಕುನ ಅನ್ನಿಸಿತು.

ಸಾಯಂಕಾಲ ಸುಮತಿ ಬ್ಯಾಂಕಿನಿಂದ ಬಂದಾಗ ಅವಳಿಗೆ ವಿಷಯ ಹೇಳಿದೆ. ನಮ್ಮ ಮಗಳು ನಾವು ಕನ್ನಡದಲ್ಲಿ ಏನು ಕೇಳಿದರೂ ತಮಿಳಿನಲ್ಲೇ ಉತ್ತರ ಕೊಡುವವಳು. “ಅಪ್ಪಾ ಕೇಟ್ಟಾ ವಾಂಗಿ ಕುಡು ಮಾ,” ಎಂದಳು. ಅಪ್ಪ ಕೇಳಿದರೆ ತಂದುಕೊಡು, ಅಷ್ಟೇ. ಅವಳಿಗೆ ಎಲ್ಲವೂ ಎಷ್ಟು ಸುಲಭ.

ರಾಯಪುರಂನಲ್ಲಿರುವ ನನ್ನ ತಮ್ಮ ವಿಶ್ವನಾಥನಿಗೆ ಹೇಳಿಕಳಿಸಿದ್ದೇನೆ. ಹಾರ್ಬರಿನಲ್ಲಿ ಹಡಗಿನ ಏಜೆಂಟರ ಬಳಿ ಕೆಲಸ, ಹಡಗಿನವರೆಲ್ಲ ಅವನಿಗೆ ಪರಿಚಯ. ಒಂದು ಷರತ್ತು ಹಾಕಿದ್ದೇನೆ: ಪರ್ಮಿಟ್ಟಿಲ್ಲದೆ ಆ ವಸ್ತು ನನ್ನ ಹೊಸಿಲು ದಾಟಕೂಡದು. ಮದ್ಯ ನಿಷೇಧ ಇರುವ ಊರಿನಲ್ಲಿ, ಈ ವಯಸ್ಸಿನಲ್ಲಿ, ಪೊಲೀಸರ ಮುಂದೆ ನಿಲ್ಲುವುದಕ್ಕೆ ನನ್ನಿಂದಾಗದು.

ಜುಲೈ ೧೩

ಡಾಕ್ಟರ ಕಾಗದ ಇಟ್ಟುಕೊಂಡು ಪರ್ಮಿಟ್ಟು ಮಾಡಿಸಿದ್ದಾಯಿತು. ಕುಡಿಯದೆ ಇವರ ಆರೋಗ್ಯ ನಡೆಯದು ಎಂಬ ಅರ್ಥದಲ್ಲಿ ಅದರಲ್ಲಿ ಬರೆದಿದೆ. ಜೀವಮಾನದಲ್ಲಿ ಅರ್ಧ ಲೋಟ ಕುಡಿದವರಿಗೆ ಈ ಬಿರುದು. ಇವರು ಅದನ್ನು ಓದಿ ನಕ್ಕರು. ಗಂಟಲು ನೋಯುತ್ತಿದ್ದರೂ ನಕ್ಕರು. ನನಗೂ ನಗು ಬಂತು, ತಡೆದುಕೊಂಡೆ.

ಜುಲೈ ೧೫

ವಿಶ್ವನಾಥ ಬಂದಿದ್ದ. ಎರಡು ಬಾಟಲಿ ಇವೆಯಂತೆ. ಒಂದು, ಕಳೆದ ವರ್ಷ ಬಾಟಲಿಗೆ ತುಂಬಿಸಿದ್ದು, ಎಂಟು ವರ್ಷದ್ದು ಎಂದು ಮೇಲೆ ಬರೆದಿದೆ. ಇನ್ನೊಂದು ಯಾರೋ ಹಳೆಯ ಕ್ಯಾಪ್ಟನ್ ಮನೆಯಲ್ಲಿ ಇಟ್ಟುಕೊಂಡಿದ್ದದ್ದು, ೧೯೬೧ನೇ ಇಸವಿಯದು. ಒಂದನ್ನು ಮಾತ್ರ ತರಬಲ್ಲೆ, ಯಾವುದು ಬೇಕು ಎಂದು ಕೇಳಿದ. ಇವರು ಒಳಗೆ ಮಲಗಿ ನಿದ್ದೆ ಹೋಗಿದ್ದರು.

“ಇದರಲ್ಲಿ ಕೇಳೋದು ಏನಿದ್ಯೋ? ಹಳೇದನ್ನೇ ತಾ,” ಎಂದೆ.

“ಅಕ್ಕಾ, ಭಾವನ್ನ ಒಂದು ಮಾತು ಕೇಳಿಬಿಡೋಣ್ವಾ?” ಎಂದ. ಎಬ್ಬಿಸಬೇಡ ಎಂದೆ. ನಮ್ಮ ಅತ್ತೆ ಹಾಕಿದ ಹೇರಳೆಕಾಯಿ ಉಪ್ಪಿನಕಾಯಿ ಭರಣಿಯಲ್ಲಿ ಹತ್ತೊಂಬತ್ತು ವರ್ಷದಿಂದ ಇದೆ. ಕಪ್ಪಗೆ ಕರಗಿಹೋಗಿದೆ. ಜ್ವರ ಬಂದು ಬಾಯಿ ಕೆಟ್ಟವರಿಗೆ ಒಂದು ಚೂರು ನೆಕ್ಕಿಸಿದರೆ ಅನ್ನ ಒಳಗೆ ಹೋಗುತ್ತದೆ. ಇಲ್ಲಿನ ಕನ್ನಡದ ಮನೆಗಳವರೆಲ್ಲ ಬಾಣಂತಿಗೆಂದು ನನ್ನ ಹತ್ತಿರವೇ ಕೇಳಿ ಒಯ್ಯುತ್ತಾರೆ. ಹಳೆಯದರ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಜುಲೈ ೧೯

ಇವತ್ತು ಬಾಟಲಿ ಬಂತು. ಹಿತ್ತಲಿನ ಬಚ್ಚಲ ಅಟ್ಟದ ಮೇಲೆ ಇಡಿಸಿದೆ. ಕುಡಿಯಲು ಬೇರೆ ಗಾಜಿನ ಲೋಟ ತರಿಸಿದ್ದೆ, ಅದನ್ನೂ ಅಲ್ಲೇ ಇಡಿಸಿದೆ. ಸಾಯಂಕಾಲ ಜಗಲಿಯಲ್ಲಿ ಚಾಪೆ ಹಾಕಿ ಕೂರಿಸಿದೆ. ಒಗೆದ ಪಂಚೆ ಉಟ್ಟುಕೊಂಡು ಕೂತರು, ಹಬ್ಬಕ್ಕೆ ಕೂತಂತೆ.

ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ನೋಡುತ್ತಾ ಹೋದಂತೆ ಮುಖ ಸಣ್ಣದಾಯಿತು. ಬಾಟಲಿಯ ಕುತ್ತಿಗೆಯವರೆಗೆ ಇರಬೇಕಾದದ್ದು ಹೆಗಲಿಗಿಂತ ಕೆಳಗೆ ಇಳಿದಿತ್ತು. ಬಿರಡೆ ಮುಟ್ಟಿದ ಕೂಡಲೇ ಪುಡಿಯಾಗಿ ಒಳಗೆ ಬಿತ್ತು. ಒಂದು ಹನಿ ಅಂಗೈಗೆ ಹಾಕಿ ಉಜ್ಜಿ ಮೂಸಿದರು. ಆಮೇಲೆ ಕೈಯನ್ನು ನನ್ನ ಕಡೆ ಚಾಚಿದರು. ಹಿಂದಕ್ಕೆ ಸರಿದೆ, ಆದರೂ ವಾಸನೆ ಬಂತು. ಮಳೆಯಲ್ಲಿ ನೆನೆದ ರಟ್ಟಿನ ವಾಸನೆ.

ಏನಾಯಿತು, ಹದಿನೇಳು ವರ್ಷದ್ದಲ್ಲವೇ ಎಂದು ಕೇಳಿದೆ. ಆಗ ಹೇಳಿದರು. ಮುಸುಕಿನ ಜೋಳದಿಂದ ತೆಗೆದ ರಸವನ್ನು, ಒಳಗೆ ಬೆಂಕಿಯಿಂದ ಸುಟ್ಟ ಹೊಸ ಮರದ ಪೀಪಾಯಿಯಲ್ಲಿ ತುಂಬಿಡುತ್ತಾರೆ. ಬೇಸಿಗೆಗೆ ಮರದೊಳಗೆ ಹೋಗುತ್ತದೆ, ಚಳಿಗೆ ಹೊರಗೆ ಬರುತ್ತದೆ. ವರ್ಷಗಟ್ಟಲೆ ಹಾಗೆ ಉಸಿರಾಡಿದರೆ ಬಣ್ಣ, ರುಚಿ. ಈ ಬಾಟಲಿಯದು ಪೀಪಾಯಿಯಲ್ಲಿ ಇದ್ದದ್ದು ನಾಲ್ಕೇ ವರ್ಷ.

“ಮಿಕ್ಕಿದ್ದು ಗಾಜಿನಲ್ಲಿ ಕಳೆದ ವರ್ಷಗಳು, ತುಂಗಾ. ಗಾಜಿನೊಳಗೆ ಹೋದ ದಿನವೇ ಅದರ ವಯಸ್ಸು ನಿಂತುಹೋಗುತ್ತೆ. ಇದು ಉಪ್ಪಿನಕಾಯಿ ಅಲ್ಲ.”

ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಪರವಾಯಿಲ್ಲ ಬಿಡು ಎಂದು ಎದ್ದು ಒಳಗೆ ಹೋದರು. ನಾನು ಇನ್ನೊಂದು ಸ್ನಾನ ಮಾಡಿದೆ. ಸ್ನಾನ ಮಾಡುತ್ತಾ ಅತ್ತುಬಿಟ್ಟೆ.

ಜುಲೈ ೨೦

ಎಂಟು ವರ್ಷದ ಬಾಟಲಿ ಬೇರೆಯವರ ಪಾಲಾಯಿತಂತೆ. ಅದನ್ನು ತಂದಿದ್ದ ಹಡಗೂ ಹೊರಟುಹೋಯಿತು.

ಜುಲೈ ೨೪

ಕರೆಂಟು ಶುರುವಾಯಿತು. ಇವರು ಒಳಗೆ ಇದ್ದದ್ದು ನಾನು ಒಂದು ಸಲ ವಿಷ್ಣು ಸಹಸ್ರನಾಮ ಹೇಳಿ ಮುಗಿಸುವಷ್ಟು ಹೊತ್ತೂ ಅಲ್ಲ. ನೋವೇ ಇಲ್ಲ ಎಂದರು. ಬಾಗಿಲಿನ ಆಚೆ ಕೂತು ನಾನು ಇದೊಂದನ್ನೇ ಯೋಚಿಸುತ್ತಿದ್ದೆ: ಮೂರು ವಾರ ಕೈಯಲ್ಲಿತ್ತು. ನನ್ನ ಜಾಣತನಕ್ಕೆ ಅದನ್ನೆಲ್ಲ ಕಳೆದೆ. ನಿದ್ದೆಯಿಂದ ಎಬ್ಬಿಸಿ ಒಂದು ಮಾತು ಕೇಳಿದ್ದರೆ ಸಾಕಾಗಿತ್ತು.

ಜುಲೈ ೨೮

ಅದರ ವಿಷಯ ಇನ್ನಷ್ಟು ಹೇಳಿ ಎಂದು ನಾನೇ ಕೇಳಿದೆ. ಇವರಿಗೆ ಆಶ್ಚರ್ಯವಾಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ಹೇಳಿದರು. ವಯಸ್ಸು ಕಡಿಮೆಯಾದರೆ ಉರಿ, ಗಂಟಲು ಸುಡುತ್ತದೆ. ಹೆಚ್ಚಾಯಿತೋ, ಬರೀ ಮರವೇ ಉಳಿಯುತ್ತದೆ, ಕಾಳಿನ ಸಿಹಿ ಸತ್ತುಹೋಗುತ್ತದೆ. ತುಂಬಾ ಹಳೆಯದಕ್ಕೆ ಆಸೆಪಡಬೇಡ ಎಂದು ಹಾರ್ಲನ್ ಹೇಳುತ್ತಿದ್ದನಂತೆ. ಅಂಗೈಯಲ್ಲಿ ಉಜ್ಜಿದಾಗ ಮೊದಲು ಬರುವ ಘಾಟನ್ನು ಹೋಗಲು ಬಿಡಬೇಕು. ಆಮೇಲೆ ಉಳಿಯುತ್ತದಲ್ಲ, ಅದನ್ನು ಮೂಸಬೇಕು.

ತುಪ್ಪ ನೋಡುವುದೂ ಹಾಗೆಯೇ ಅಲ್ಲವೇ ಎಂದೆ. ಹೌದು, ಅವತ್ತು ಶೆಡ್ಡಿನಲ್ಲಿ ನಿನ್ನನ್ನೇ ನೆನೆಸಿಕೊಂಡೆ ಎಂದರು. ನಿಜವೋ, ನನ್ನ ಸಮಾಧಾನಕ್ಕೆ ಹೇಳಿದರೋ, ತಿಳಿಯದು.

ಆಗಸ್ಟ್ ೧

ಬೆಳಿಗ್ಗೆ ಚರ್ಮದ ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸುತ್ತಿತ್ತು. ಮೂಗು ಮುಚ್ಚಿಕೊಂಡೇ ರಂಗೋಲಿ ಹಾಕಿದೆ. ಇವರು ಜಗಲಿಗೆ ಬಂದು ಇವತ್ತು ಗಾಳಿ ಚೆನ್ನಾಗಿದೆ, ವಾಸನೆಯೇ ಇಲ್ಲ ಎಂದರು. ಹೌದು ಎಂದೆ.

ವಿಶ್ವನಾಥನಿಂದ ಸುದ್ದಿ ಬಂದಿದೆ. ಇನ್ನೊಂದು ಹಡಗು ಬಂದಿದೆ, ಅದರ ಬಾರಿನಲ್ಲಿ ಮುಚ್ಚಳ ತೆಗೆದ ಮೂರು ಬೂರ್ಬನ್ ಬಾಟಲಿ ಇವೆಯಂತೆ. ಆ ಬಾರು ನೋಡಿಕೊಳ್ಳುವ ಸ್ಟೂವರ್ಡು ಶುಕ್ರವಾರ ಮೂರನ್ನೂ ತಂದು ತೋರಿಸಿ, ನಾವು ಆರಿಸಿದ ಒಂದನ್ನು ಕೊಡುತ್ತಾನೆ. ಈ ಸಲ ನಾನೇ ಹೋಗುತ್ತೇನೆ. ಒಂದು ಚಮಚ ನೀರು ಬೆರೆಸಿ ಕೊಡಬಹುದು, ಬಾಯಿ ಹುಣ್ಣಾದ ಮೇಲೆ ಅದೂ ಬೇಡ ಎಂದು ಡಾಕ್ಟರು ಹೇಳಿದ್ದಾರೆ.

ಆಗಸ್ಟ್ ೪

ಬರೆಯುವುದು ಬಹಳ ಇದೆ.

ಬೆಳಿಗ್ಗೆ ಆಸ್ಪತ್ರೆಯಿಂದ ಬಂದು ಅವಸರದಲ್ಲಿ ಅನ್ನ ಸಾರು ಮಾಡಿದೆ. ಇವರಿಗೆ ಮೆತ್ತಗೆ ಕಲಸಿಕೊಟ್ಟೆ. ಎರಡು ಸಲ ಹಾಕಿಸಿಕೊಂಡು, ಸಾರು ಬಹಳ ಚೆನ್ನಾಗಿದೆ ಎಂದರು. ನಾನು ಊಟಕ್ಕೆ ನಿಲ್ಲದೆ ಪರ್ಮಿಟ್ಟು, ವೈರ್ ಬುಟ್ಟಿ ತೆಗೆದುಕೊಂಡು ರೈಲು ಹತ್ತಿದೆ. ಬೀಚ್ ಸ್ಟೇಷನ್ನಿನವರೆಗೂ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಬುಟ್ಟಿಯಲ್ಲಿ ಇದ್ದದ್ದು ನುಗ್ಗೆಕಾಯಿ.

ವಿಶ್ವನಾಥನ ಮನೆಯ ಮುಂಭಾಗದ ಕೋಣೆಯಲ್ಲಿ ಸ್ಟೂವರ್ಡು ಮೇಜಿನ ಮೇಲೆ ಮೂರು ಬಾಟಲಿ ಇಟ್ಟಿದ್ದ. ವಿಶ್ವನಾಥನ ಹೆಂಡತಿ ಕೌಸಲ್ಯಾ ನನಗೆ ಕಾಫಿ ತಂದವಳು ಬಾಟಲಿಗಳನ್ನು ನೋಡಿ ಹೊಸಿಲ ಮೇಲೇ ಇಟ್ಟು ಹೋದಳು. ಹೋಗಲಿ, ಹೋದ ತಿಂಗಳಾಗಿದ್ದರೆ ನಾನೂ ಹಾಗೆಯೇ ಮಾಡುತ್ತಿದ್ದೆ.

ಮೊದಲನೆಯದು ನಾಲ್ಕು ವರ್ಷದ್ದು. ಬಣ್ಣ ಎಳೆಯದು. ಹನಿಯನ್ನು ಅಂಗೈಗೆ ಹಾಕಿ ಉಜ್ಜಿದೆ. ಘಾಟು ಹೋಗುವವರೆಗೆ ಕಾದೆ, ಹೋದ ಮೇಲೆ ಏನೂ ಉಳಿಯಲಿಲ್ಲ. ಎರಡನೆಯದು ಹದಿನೈದು ವರ್ಷದ್ದು. ಸ್ಟೂವರ್ಡು ಅದನ್ನೇ ಹೊಗಳುತ್ತಿದ್ದ, ಇದೇ ಎಲ್ಲದಕ್ಕಿಂತ ದುಬಾರಿ ಎಂದು ವಿಶ್ವನಾಥನ ಕೈಲಿ ಹೇಳಿಸಿದ. ಬಣ್ಣ ನೋಡಿ ನನಗೂ ಆಸೆಯಾಯಿತು. ಉಜ್ಜಿ ಮೂಸಿದರೆ ಬಡಗಿಯ ಅಂಗಳದಲ್ಲಿ ನಿಂತ ಹಾಗೆ, ಮರ, ಮರ, ಕೊನೆಗೂ ಮರವೇ. ಕೈ ತೊಳೆದು ಬಂದು ಮೂರನೆಯದನ್ನು ತೆಗೆದೆ. ಎಂಟು ವರ್ಷದ್ದು. ಮಟ್ಟ ನೋಡಿದೆ, ಬಿರಡೆ ನೋಡಿದೆ, ಬೆಳಕಿಗೆ ಹಿಡಿದೆ. ಹಳೆಯ ಜೋನಿಬೆಲ್ಲದ ಬಣ್ಣ. ಉಜ್ಜಿ ಕಾದೆ. ಮೊದಲು ಬೆಲ್ಲ ಬಂತು. ಆಮೇಲೆ ಸುಟ್ಟ ಮರ, ಅದರ ಹಿಂದೆ ಕೆಂಡದಲ್ಲಿ ಸುಟ್ಟ ಜೋಳದ ತೆನೆ. ಮದುವೆಯಾದ ಹೊಸದರಲ್ಲಿ ಮರೀನಾ ಬೀಚಿನಲ್ಲಿ ಇವರು ಕೊಡಿಸುತ್ತಿದ್ದರಲ್ಲ, ಆ ತೆನೆ.

“ಇದೇ ಕೊಡಪ್ಪ,” ಎಂದೆ.

“ಅಕ್ಕಾ, ಹದಿನೈದು ವರ್ಷದ್ದನ್ನ ಬಿಟ್ಟು ಎಂಟು ವರ್ಷದ್ದು ತಗೋತೀಯಾ?” ಎಂದು ವಿಶ್ವನಾಥ ಕೇಳಿದ. ಹಳೆಯದೆಲ್ಲ ಒಳ್ಳೆಯದಲ್ಲ ಎಂದೆ. ಹೇಳಿದ ಮೇಲೆ ನನ್ನ ಮಾತು ನನಗೇ ವಿಚಿತ್ರವಾಗಿ ಕೇಳಿಸಿತು.

ಬರುವಾಗ ರೈಲಿನಲ್ಲಿ ಒಂದೆರಡು ಸಲ ಅಂಗೈ ಮೂಸಿ ನೋಡಿಕೊಂಡೆ. ವಾಸನೆ ಕ್ರೋಂಪೇಟೆಯವರೆಗೂ ಇತ್ತು.

ಇವರು ಜಗಲಿಯಲ್ಲೇ ಕಾದಿದ್ದರು. ಗಾಜಿನ ಲೋಟಕ್ಕೆ ಒಂದು ಚಮಚ ಹಾಕಿ, ನೀರು ಬೆರೆಸಿ ಕೊಟ್ಟೆ. ಕಣ್ಣು ಮುಚ್ಚಿ ಸ್ವಲ್ಪ ಸ್ವಲ್ಪವಾಗಿ ಕುಡಿದರು. ಕಣ್ಣು ತೆರೆದು ಹೇಳಿದರು: “ಅದೇ ರುಚಿ. ಬೆಲ್ಲದ ಹಾಗೆ ಶುರುವಾಗುತ್ತೆ, ಆಮೇಲೆ ಸುಟ್ಟ ಮರ. ಹಾರ್ಲನ್ ಇದ್ದಿದ್ರೆ ನಿನ್ನ ಬೆನ್ನು ತಟ್ಟುತ್ತಿದ್ದ.” ನನಗೆ ಆದ ಸಂತೋಷವನ್ನು ಬರೆಯಲು ಬಾರದು. ಲೋಟ ತೊಳೆದು ಅಡಿಗೆಮನೆಯಲ್ಲಿ ಕವುಚಿ ಹಾಕಿದೆ.

ಸುಮತಿ ಬಂದು ಊಟಕ್ಕೆ ಕೂತಳು. ಒಂದು ತುತ್ತು ಬಾಯಿಗಿಟ್ಟು ಕೈ ನಿಲ್ಲಿಸಿದಳು. “ಅಮ್ಮಾ, ರಸತ್ತಿಲ ಉಪ್ಪೇ ಇಲ್ಲೈಯೇ.”

ನಾನು ರುಚಿ ನೋಡಿದೆ. ಒಂದು ಹರಳು ಉಪ್ಪೂ ಹಾಕಿರಲಿಲ್ಲ.

ಆಗಸ್ಟ್ ೫

ಇವರಿಗೆ ಏನೂ ಹೇಳಲಿಲ್ಲ. ಇವರೂ ಹೇಳಲಿಲ್ಲ.

ಆಗಸ್ಟ್ ೯

ಬಾಯಿ ಹುಣ್ಣಾಗಿದೆ. ಗಂಜಿ, ಮಜ್ಜಿಗೆ ಮಾತ್ರ. ಎಲ್ಲದಕ್ಕೂ ಚೆನ್ನಾಗಿದೆ ಎನ್ನುತ್ತಾರೆ. ಬೇಕೆಂದೇ ಒಂದು ದಿನ ಗಂಜಿಗೆ ಉಪ್ಪು ಹಾಕದೆ ಕೊಟ್ಟು, ಉಪ್ಪು ಸರಿಯಾಗಿದೆಯೇ ಎಂದು ಕೇಳಿದೆ. ಸರಿಯಾಗಿದೆ ಎಂದರು. ಹಾಗೆ ಪರೀಕ್ಷೆ ಮಾಡಿದ್ದಕ್ಕೆ ನನಗೆ ನಾಚಿಕೆಯಾಯಿತು. ಆದರೂ ಖಚಿತವಾಗಬೇಕಾಗಿತ್ತು.

ಅವತ್ತು ಹೇಳಿದ್ದೆಲ್ಲ ಹದಿನೈದು ವರ್ಷದ ಹಿಂದಿನ ರುಚಿ. ಬಾಯಲ್ಲಿದ್ದದ್ದು ಬರೀ ಉರಿ. ಆ ಉರಿಯನ್ನು ಇಟ್ಟುಕೊಂಡು ನನಗಾಗಿ ನಕ್ಕರು. ನಾನು ತಂದದ್ದು ಸರಿಯಾದ ಬಾಟಲಿ ಹೌದೋ ಅಲ್ಲವೋ ಎಂಬುದು ಇವರಿಗೆ ಗೊತ್ತೇ ಇಲ್ಲ. ಗೊತ್ತಾಗುವ ದಾರಿಯೂ ಇಲ್ಲ.

ಆಗಸ್ಟ್ ೧೩

ಭಾನುವಾರ, ಆಸ್ಪತ್ರೆ ಇಲ್ಲ. ಸಾಯಂಕಾಲ ಇವರು ಜಗಲಿಯಲ್ಲಿ ಒರಗಿಕೊಂಡಿದ್ದರು. ಮಾತಾಡಿದರೆ ನೋವು, ಅದಕ್ಕೇ ಸುಮ್ಮನಿರುತ್ತಾರೆ. ಉಪ್ಪಿನಕಾಯಿ ಭರಣಿಗಳ ಸಾಲಿನಿಂದ ಬಾಟಲಿ ತೆಗೆದುಕೊಂಡು, ಲೋಟವನ್ನೂ ಹಿಡಿದುಕೊಂಡು ಹೋಗಿ ಪಕ್ಕದಲ್ಲಿ ಕೂತೆ. ಬೇಡ ಎಂದು ಕೈಯಾಡಿಸಿದರು. ಬಾಯಿ ತೋರಿಸಿದರು.

“ನಿಮಗಲ್ಲ,” ಎಂದೆ.

ಅರ್ಧ ಚಮಚ ಹಾಕಿಕೊಂಡೆ. ನೀರು ಬೆರೆಸಲಿಲ್ಲ, ಬೆರೆಸಿದರೆ ರುಚಿ ಸರಿಯಾಗಿ ತಿಳಿಯದು. ಉಪ್ಪಿನಕಾಯಿಗೆ ಉಪ್ಪು ನೋಡುವ ಹಾಗೆ ನಾಲಗೆಯ ತುದಿಗೆ ಮುಟ್ಟಿಸಿದೆ, ಆಮೇಲೆ ಪೂರ್ತಿ ಬಾಯಿಗೆ ಬಿಟ್ಟುಕೊಂಡೆ. ಇವರು ಎದ್ದು ಕೂತರು. ನನ್ನ ಮುಖವನ್ನು ಅಷ್ಟು ಗಮನ ಕೊಟ್ಟು ಎಂದಾದರೂ ನೋಡಿದ್ದರೋ ಇಲ್ಲವೋ.

“ಉರಿ,” ಎಂದೆ. “ಇರಿ, ಹೋಗುತ್ತೆ.”

ಕಾದೆ. ಹೋಯಿತು.

“ಬೆಲ್ಲ. ಹೊಸಾ ಬೆಲ್ಲ ಅಲ್ಲ, ಹಳೇದು, ಸ್ವಲ್ಪ ಉಪ್ಪುಪ್ಪಾಗಿರುತ್ತಲ್ಲ, ಅದು. ಈಗ ಮರ ಬಂತು. ಸುಟ್ಟದ್ದು.”

ನಾನು ನಿಲ್ಲಿಸಿದೆ. ಇವರು ಕಣ್ಣು ಮುಚ್ಚಿದ್ದರು. ತುಟಿ ಸ್ವಲ್ಪ ಅಲ್ಲಾಡುತ್ತಿತ್ತು. ನಾನು ಹೇಳಿದ್ದನ್ನೇ ಅವತ್ತು ಇವರೂ ಹೇಳಿದ್ದರು. ಇದರಿಂದ ಯಾರಿಗೂ ಏನೂ ಖಚಿತವಾಗದು ಎಂದು ಭಯವಾಯಿತು. ಇನ್ನೊಂದು ಸಲ ಬಾಯಿಗೆ ಹಾಕಿಕೊಂಡು, ಇನ್ನಷ್ಟು ಹೊತ್ತು ಕಾದೆ.

“ಕೊನೇಗೆ ಒಂದು ಬರುತ್ತೆ,” ಎಂದೆ. “ಸೋಂಪು ಅಗಿದು ಉಗಿದ ಮೇಲೆ ಬಾಯಿ ತಣ್ಣಗೆ ಇರುತ್ತಲ್ಲ, ಹಾಗೆ. ಸಣ್ಣದಾಗಿ. ಇದ್ಯೋ ಇಲ್ವೋ ಅನ್ನೋ ಹಾಗೆ.”

ಇವರು ಕಣ್ಣು ತೆರೆದರು. ಆ ಸೋಂಪಿನ ಮಾತನ್ನು ಇವರು ನನಗೆ ಯಾವತ್ತೂ ಹೇಳಿರಲಿಲ್ಲ. ಕಣ್ಣಲ್ಲಿ ನೀರು ಬಂದು ನಿಂತಿತ್ತು. ನನ್ನ ಬಲಗೈ ಹಿಡಿದು, ಅಂಗೈಯನ್ನು ತಮ್ಮ ಮೂಗಿಗೆ ಒತ್ತಿಕೊಂಡರು. ಅದರಲ್ಲಿ ಹನಿ ಹಾಕಿರಲಿಲ್ಲ, ಹಾಕಿದ್ದರೂ ಇವರಿಗೆ ತಿಳಿಯುತ್ತಿರಲಿಲ್ಲ. ಹಾಗೇ ಹಿಡಿದುಕೊಂಡಿದ್ದರು.

ಆಮೇಲೆ, ನೋವಾದರೂ ಮಾತಾಡಿದರು.

“ಅದೇ,” ಎಂದರು. “ಸರಿಯಾದದ್ದನ್ನೇ ಆರಿಸಿದ್ದೀಯ.”

ಕತ್ತಲಾಗುವವರೆಗೆ ಅಲ್ಲೇ ಕೂತಿದ್ದೆವು. ದೀಪ ಹಚ್ಚುವ ಹೊತ್ತು ಮೀರಿಹೋಗಿತ್ತು. ಎದ್ದು ಕೈಕಾಲು ತೊಳೆದು ದೇವರಿಗೆ ದೀಪ ಹಚ್ಚಿದೆ. ಆಮೇಲೆ ಹೋದ ತಿಂಗಳು ಹಾಕಿದ ಹೇರಳೆಕಾಯಿ ಭರಣಿಯನ್ನು ತೆರೆದು, ಒಂದು ಸಲ ಕದಡಿ, ಮತ್ತೆ ಬಾಯಿಗೆ ಬಟ್ಟೆ ಕಟ್ಟಿದೆ. ಮುಂದಿನ ವರ್ಷಕ್ಕೆ ಹದವಾಗುತ್ತದೆ.